ಸೀಸ ತುಂಬಿದ ದಾಂಡು

ನಂಬುವುದಿಲ್ಲ ಎನ್ನುವವರು ಈಗಲೇ ಎದ್ದು ಹೋಗಬಹುದು. ನಮ್ಮ ಹೋಬಳಿಯಲ್ಲಿ ನನ್ನಷ್ಟು ದೂರ ಗಾಲ್ಫ್ ಚೆಂಡು ಹೊಡೆಯುವ ಗಂಡಸು ಇನ್ನೊಬ್ಬನಿಲ್ಲ. ನಾನು ಕದಿರಪ್ಪ. ಹೊಲದ ಬದುವಿನ ಮೇಲೆ ಬೆಳೆದವನು. ಕಾಲಿಗೆ ಬೂಟು ಹಾಕಿದ್ದೇ ಮೀಸೆ ಬಂದ ಮೇಲೆ. ಆದರೂ ಒಂಬತ್ತನೇ ಗುಳಿಯ ದಾರಿಯಲ್ಲಿರುವ ಹುಣಸೆ ಮರವನ್ನು ಒಂದೇ ಹೊಡೆತಕ್ಕೆ ದಾಟಿಸಿದವನು. ಅಂಥವನ ಬಾಯನ್ನು ಒಬ್ಬ ಮುದುಕರು ಒಂದೇ ಮಾತಿನಿಂದ ಮುಚ್ಚಿಸಿದರು ಎಂದರೆ ನಂಬುತ್ತೀರಾ? ನಂಬಬೇಡಿ. ಸುಮ್ಮನೆ ಕೇಳಿ.

ಆ ಮುದುಕರು ಪಿಳ್ಳಪ್ಪನವರು, ನಮ್ಮ ಗುರುಗಳು. ಸಾಹೇಬರ ಚೀಲ ಹೊತ್ತು ಹೊತ್ತೇ ಆಟ ಕಲಿತವರು. ಈಗ ಅದೇ ಮೈದಾನದಲ್ಲಿ ಹೊಸಬರಿಗೆ ಕಲಿಸುತ್ತಾರೆ. ನಾವು ಅಲ್ಲಿಯ ಕ್ಯಾಡಿಗಳು. ವಾರವೆಲ್ಲ ಬೇರೆಯವರ ಕೋಲುಗಳನ್ನು ಹೊರುತ್ತೇವೆ. ಸೋಮವಾರ ಸದಸ್ಯರು ಬರುವುದಿಲ್ಲ. ಅಂದು ಮೈದಾನ ನಮ್ಮದು. ಕಪ್ಪಿಲ್ಲ, ಬಹುಮಾನವಿಲ್ಲ, ಬಾಜಿಯೂ ಇಲ್ಲ. ಗೆದ್ದವನು ಮಂಗಳವಾರದವರೆಗೆ ಎದೆ ಉಬ್ಬಿಸಿಕೊಂಡು ಓಡಾಡಬಹುದು, ಅಷ್ಟೇ.

ಆ ವರ್ಷ ಮಾತ್ರ ಸೋಮವಾರದ ಆಟವನ್ನು ಪಿಳ್ಳಪ್ಪನವರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಅವರಿಗೆ ಮಂಡಿ ನೋವು ಹೆಚ್ಚಾಗಿತ್ತು. ತಮ್ಮ ನಂತರ ಕಲಿಸುವ ಜಾಗಕ್ಕೆ ಒಬ್ಬನ ಹೆಸರನ್ನು ಅವರೇ ಹೇಳಬೇಕಿತ್ತು. ಹೇಳಿದರೆ ನನ್ನ ಹೆಸರು, ಇಲ್ಲವೇ ಚೌಡರೆಡ್ಡಿಯ ಹೆಸರು. ಮೂರನೆಯವನ ಮಾತೇ ಇರಲಿಲ್ಲ. ಚೌಡರೆಡ್ಡಿ ನನ್ನ ಜೊತೆಗಾರ. ದೂರ ಹೊಡೆಯುವುದಿಲ್ಲ, ಆದರೆ ದಾರ ಹಿಡಿದಂತೆ ನೇರ ಹೊಡೆಯುತ್ತಾನೆ. ಇದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಹೀಗಿರುವಾಗ ಊರು ಬಿಟ್ಟು ಹೋಗುವ ಒಬ್ಬ ಸದಸ್ಯರು ತಮ್ಮ ಡ್ರೈವರನ್ನು ನನಗೆ ಕೊಟ್ಟರು. ಡ್ರೈವರ್ ಎಂದರೆ ಮೊದಲ ಹೊಡೆತಕ್ಕೆ ಬಳಸುವ ಉದ್ದನೆಯ ಕೋಲು. ಅದರ ತಲೆಯ ಮುಖ ಬಹಳ ತೆಳು. ಚೆಂಡು ತಗುಲಿದ ಕೂಡಲೇ ಹಿಂದಕ್ಕೆ ಬಾಗಿ ಚಿಮ್ಮಿಸಿಬಿಡುತ್ತದೆ. "ಇದು ನಿಯಮ ಮೀರಿದ್ದಪ್ಪ. ಪಂದ್ಯಕ್ಕೆ ಒಯ್ಯಬೇಡ, ಹೊರಗೆ ಕಳಿಸ್ತಾರೆ" ಎಂದು ಅವರು ಹೇಳಿಯೇ ಕೊಟ್ಟರು. ನಾನು ಪಂದ್ಯಕ್ಕೆ ಒಯ್ಯಲಿಲ್ಲ. ಸೋಮವಾರ ಒಯ್ದೆ.

ಅಂದಿನಿಂದ ನನ್ನ ಚೆಂಡಿನ ಹಿಂದೆ ಚೌಡರೆಡ್ಡಿಯ ಚೆಂಡು ಎಲ್ಲೋ ಬೀಳತೊಡಗಿತು. ಅವನಿಗೆ ತಡೆಯಲಾಗಲಿಲ್ಲ.

"ಏನೋ ತಿಂತೀಯ ನೀನು?" ಎಂದು ಕೇಳಿದ.

"ಎರಡು ಮುದ್ದೆ, ಉಪ್ಸಾರು. ನಿನ್ನಂಗೆ ಬನ್ನು ಬ್ರೆಡ್ಡು ತಿನ್ನಲ್ಲ" ಎಂದೆ.

ಮುಂದಿನ ವಾರ ಅವನೂ ಎರಡು ಮುದ್ದೆ ತಿಂದು ಬಂದ. ನನ್ನನ್ನು ಮುಟ್ಟಬೇಕೆಂದು ಸೊಂಟ ಮುರಿಯುವಂತೆ ಬೀಸಿದ. ಚೆಂಡು ಎಡಕ್ಕೆ ಹೋಗಿ ಲಾಂಟಾನದ ಪೊದೆ ಸೇರಿತು. ಅದರ ಮುಂದಿನ ವಾರ ಬಲಕ್ಕೆ ಹೋಗಿ ಮೋರಿ ಸೇರಿತು. ಪಿಳ್ಳಪ್ಪನವರು ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು.

ಒಂದು ಸೋಮವಾರ ಆಟ ಮುಗಿದ ಮೇಲೆ ಚೌಡರೆಡ್ಡಿ ಸಪ್ಪೆ ಮುಖ ಹಾಕಿಕೊಂಡು ಮನೆಗೆ ಹೋದ. ನಾನು ಗುರುಗಳ ಮುಂದೆ ನಿಂತು ಕೇಳಿಯೇಬಿಟ್ಟೆ. ಮನಸ್ಸಿನಲ್ಲಿ ಅಡಗಿಸಿಟ್ಟುಕೊಳ್ಳುವ ಜಾತಿಯವನಲ್ಲ ನಾನು.

"ಗುರುಗಳೇ, ಈ ಡ್ರೈವರು ನಿಯಮಕ್ಕೆ ಒಪ್ಪದ್ದು. ನಂಗೂ ಗೊತ್ತು. ಆದ್ರೆ ನಾವಾಡೋದು ಪಂದ್ಯ ಅಲ್ಲ. ಸೋತವನ ಮನೆಯಿಂದ ನಾನೇನೂ ಹೊತ್ಕೊಂಡು ಬರಲ್ಲ. ಬರೀ ಆಟ. ಇದರಲ್ಲಿ ಯಾರಿಗೇನು ಮೋಸ ಆಯ್ತು, ಹೇಳಿ ನೋಡೋಣ."

ಪಿಳ್ಳಪ್ಪನವರು ಡ್ರೈವರನ್ನು ಕೈಗೆ ತೆಗೆದುಕೊಂಡು ಅದರ ಮುಖವನ್ನು ಬೆರಳಿನಿಂದ ತಟ್ಟಿ ನೋಡಿದರು. ಪಕ್ಕಕ್ಕೆ ಇಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನೂ ಒಬ್ಬ ವ್ಯಾಪಾರಿಯೂ ಇದ್ದರು. ಇಬ್ಬರೂ ಸ್ನೇಹಿತರು. ಹಗಲು ರೈತ ಹೊಲದಲ್ಲಿ ದುಡಿಯುತ್ತಿದ್ದ, ವ್ಯಾಪಾರಿ ಅಂಗಡಿಯಲ್ಲಿ ಕಾಳು ತೂಗುತ್ತಿದ್ದ. ಸಂಜೆ ಇಬ್ಬರೂ ಕೆರೆಯ ಹಿಂದಿನ ಬಯಲಿನಲ್ಲಿ ಚಿನ್ನಿದಾಂಡು ಆಡುತ್ತಿದ್ದರು. ಚಿಕ್ಕಂದಿನಲ್ಲಿ ಹಿಡಿದ ಆಟ, ತಲೆ ನರೆತರೂ ಬಿಟ್ಟಿರಲಿಲ್ಲ.

ಆ ಊರಿನಲ್ಲಿ ಆಟದ ಕ್ರಮ ಹೀಗಿತ್ತು. ಒಬ್ಬ ದಾಂಡಿನಿಂದ ಚಿನ್ನಿಯನ್ನು ಹೊಡೆಯುತ್ತಾನೆ. ಚಿನ್ನಿ ಬಿದ್ದ ಜಾಗದಿಂದ ಗುಳಿಯವರೆಗೆ ಎಷ್ಟು ದಾಂಡು ದೂರವೋ ಅಷ್ಟು ಅವನ ಲೆಕ್ಕಕ್ಕೆ. ಅಳೆಯುವುದು ಹೊಡೆದವನ ದಾಂಡಿನಿಂದಲೇ. ಆದರೆ ಅಳೆಯುವವನು ಅವನಲ್ಲ, ಎದುರಾಳಿ. ಹಾಗಾಗಿ ಯಾರೂ ಉದ್ದನೆಯ ದಾಂಡು ಮಾಡಿಸಿಕೊಳ್ಳುತ್ತಿರಲಿಲ್ಲ. ಉದ್ದನೆಯ ದಾಂಡಿನಿಂದ ಚಿನ್ನಿ ದೂರ ಹೋಗುತ್ತದೆ, ಅಳೆದಾಗ ಲೆಕ್ಕ ಕಡಿಮೆಯಾಗುತ್ತದೆ. ಗಿಡ್ಡ ದಾಂಡಿನಲ್ಲಿ ಲೆಕ್ಕ ಹೆಚ್ಚು, ಆದರೆ ಚಿನ್ನಿ ಹೋಗುವುದಿಲ್ಲ. ಆಟವೇ ಎಲ್ಲರನ್ನೂ ಒಂದು ಅಳತೆಯಲ್ಲಿ ಇಟ್ಟಿತ್ತು.

ರೈತ ಒಂದು ಉಪಾಯ ಕಂಡುಹಿಡಿದ. ಗಿಡ್ಡ ದಾಂಡಿನ ಹೊಟ್ಟೆ ಕೊರೆದು, ಒಳಗೆ ಸೀಸ ಕಾಯಿಸಿ ಹೊಯ್ದ. ಬಾಯಿಗೆ ಅರಗು ಮೆತ್ತಿ, ಮಣ್ಣು ಸವರಿದ. ಹೊರಗಿನಿಂದ ನೋಡಿದರೆ ಎಲ್ಲ ಗಿಡ್ಡ ದಾಂಡುಗಳ ಹಾಗೆ ಒಂದು ದಾಂಡು. ಬೀಸಿದರೆ ಚಿನ್ನಿ ಹಕ್ಕಿಯ ಹಾಗೆ ಹಾರುತ್ತಿತ್ತು.

ಮೊದಲ ಸಂಜೆ ವ್ಯಾಪಾರಿ ಅಳೆಯಲು ದಾಂಡನ್ನು ಎತ್ತಿಕೊಂಡ. ಒಂದು ಗಳಿಗೆ ಹಾಗೆಯೇ ನಿಂತ. ಆಮೇಲೆ ಬಗ್ಗಿ ಅಳೆದ. ಗಟ್ಟಿಯಾಗಿ ಎಣಿಸಿದ. "ಗೆದ್ದೆ ಬಿಡಪ್ಪ" ಎಂದ.

ಇಲ್ಲಿಗೆ ಬಂದಾಗ ನನಗೆ ಸುಮ್ಮನಿರಲಾಗಲಿಲ್ಲ.

"ಅವನೆಂಥ ದಡ್ಡ ಗುರುಗಳೇ! ದಿನಾ ತಕ್ಕಡಿ ಹಿಡಿಯೋನ ಕೈಗೆ ಸೀಸ ತುಂಬಿದ ದಾಂಡು ಕೊಟ್ನಾ? ಕಣ್ಣಿಗೆ ಕಾಣ್ದಿದ್ರೂ ಕೈಗೆ ಗೊತ್ತಾಗಲ್ವಾ?"

"ಗೆಲ್ಲೋನಿಗೆ ತನ್ನ ಕೈ ಮಾತ್ರ ಜ್ಞಾಪಕ ಇರುತ್ತೆ ಕಣಪ್ಪ. ಕೇಳು" ಎಂದು ಅವರು ಮುಂದುವರಿಸಿದರು.

ರೈತ ದಿನವೂ ಗೆದ್ದ. ವ್ಯಾಪಾರಿ ದಿನವೂ ಅಳೆದ. ಮಾತಿಲ್ಲ, ಜಗಳವಿಲ್ಲ. ಹೀಗೆ ಒಂದು ಬೇಸಿಗೆ ಕಳೆಯಿತು.

ಆ ಊರಿನ ನೀರುಗಂಟಿ ತೀರಿಕೊಂಡ. ನೀರುಗಂಟಿ ಎಂದರೆ ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಬಿಡುವವನು. ಊರಿನ ಅನ್ನ ಅವನ ಕೈಯಲ್ಲಿ. ರೈತನಿಗೆ ಆ ಕೆಲಸದ ಮೇಲೆ ಬಹುಕಾಲದ ಆಸೆ. ಅವನ ಅಜ್ಜ ಆ ಕೆಲಸದಲ್ಲಿದ್ದವನು. ಅಪ್ಪನಿಗೆ ತಪ್ಪಿ ಹೋಗಿತ್ತು. ತನ್ನ ಕಾಲದಲ್ಲಿ ಅದು ಮನೆಗೆ ಮರಳಬೇಕು ಎಂದು ಅವನು ಹಂಬಲಿಸುತ್ತಿದ್ದ. ಅವನಷ್ಟು ಕೆರೆ ಬಲ್ಲವನೂ ಊರಿನಲ್ಲಿ ಇರಲಿಲ್ಲ.

ಹಿರಿಯರು ಅರಳಿಕಟ್ಟೆಯ ಮೇಲೆ ಸೇರಿದರು. ವ್ಯಾಪಾರಿಯನ್ನು ಕರೆಸಿದರು. "ದಿನಾ ಸಂಜೆ ಇವನ ಜೊತೆ ಇರೋನು ನೀನು. ಇವನ ಕೈಗೆ ತೂಬು ಕೊಡಬಹುದಾ, ನೀನೇ ಹೇಳು" ಎಂದರು.

ವ್ಯಾಪಾರಿ ಹಿರಿಯರಿಗೆ ಕೈಮುಗಿದ. ಆಮೇಲೆ ಹೇಳಿದ: "ಅಂಗಡಿ ವ್ಯವಹಾರದಲ್ಲಿ ಇವನು ನನಗೆ ಒಂದು ಹಿಡಿ ಕಾಳೂ ಮೋಸ ಮಾಡಿಲ್ಲ. ಅಷ್ಟು ಹೇಳಬಲ್ಲೆ. ಆಟದ ಮಾತು ಮಾತ್ರ ನನ್ನನ್ನು ಕೇಳಬೇಡಿ."

ಆಟದ ಬಗ್ಗೆ ಯಾರೂ ಇನ್ನೂ ಏನೂ ಕೇಳಿರಲಿಲ್ಲ. ರೈತನೇ ಎದ್ದು ನಿಂತ. "ಅದು ಆಟ ತಾನೇ ಸ್ವಾಮಿ! ಒಂದು ಸಂಜೆಯ ನಗು. ಅದರಲ್ಲಿ ಏನಿತ್ತು?" ಎಂದ.

ಹಿರಿಯರಲ್ಲಿ ಒಬ್ಬರು ತಲೆಯೆತ್ತಿ ನೋಡಿದರು. "ಅಂಗಡಿಯಲ್ಲಿ ಎದುರಿಗೆ ತಕ್ಕಡಿ ಇತ್ತಪ್ಪ. ತೂಬಿನ ಹತ್ತಿರ ನೀನೊಬ್ಬನೇ ಇರ್ತೀಯ" ಎಂದರು.

ತೂಬು ಬೇರೊಬ್ಬನ ಕೈಗೆ ಹೋಯಿತು.

ರೈತ ಸಿಟ್ಟಿನಿಂದ ಅಂಗಡಿಗೆ ಬಂದ. ಸೀಸದ ದಾಂಡನ್ನು ಕಾಳಿನ ಮೂಟೆಯ ಮೇಲೆ ಎಸೆದ. "ಇದು ನಿನಗೆ ಯಾವತ್ತು ಗೊತ್ತಾಯಿತು?" ಎಂದು ಕೇಳಿದ.

"ಮೊದಲನೇ ಸಂಜೆ. ಎತ್ತಿದ ಕೂಡಲೇ."

"ಹಾಗಿದ್ದರೆ ಅವತ್ತೇ ಯಾಕೆ ಬೈಯಲಿಲ್ಲ? ಅವತ್ತೇ ಮುರಿದು ಹಾಕಬೇಕಿತ್ತು."

ವ್ಯಾಪಾರಿ ದಾಂಡನ್ನು ಎತ್ತಿ ಕೈಯಲ್ಲಿ ತೂಗಿದ. "ಮುರಿಯುವಂಥ ದಾಂಡು ಇದಲ್ಲ. ಎಷ್ಟು ಚೆನ್ನಾಗಿ ಮಾಡಿದ್ದೀಯ! ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ಕಾದೆ. ಹೇಳಿದ್ದರೆ ನಾನೂ ಇಂಥದೇ ಒಂದು ಮಾಡಿಸಿಕೊಳ್ಳುತ್ತಿದ್ದೆ. ಇಬ್ಬರೂ ಕೆರೆಯ ಆಚೆ ದಡಕ್ಕೆ ಹೊಡೆದು, ಚಿನ್ನಿ ಹುಡುಕಿಕೊಂಡು, ನಗುತ್ತಾ ಮನೆಗೆ ಬರುತ್ತಿದ್ದೆವು" ಎಂದ.

ಪಿಳ್ಳಪ್ಪನವರು ಇಷ್ಟು ಹೇಳಿ ನಿಲ್ಲಿಸಿದರು. ಮಂಡಿಯನ್ನು ತಿಕ್ಕಿಕೊಂಡರು.

ನನಗೆ ಖುಷಿಯೋ ಖುಷಿ. ಕತೆ ನನ್ನ ಕಡೆಗೇ ತಿರುಗಿತ್ತು. ಯಾವ ಬುದ್ಧಿವಂತನಾದರೂ ಅದನ್ನು ನನ್ನಷ್ಟು ಬೇಗ ಹಿಡಿಯುತ್ತಿರಲಿಲ್ಲ.

"ನೋಡಿದ್ರಾ ಗುರುಗಳೇ! ವ್ಯಾಪಾರಿನೇ ಹೇಳ್ಬಿಟ್ಟ, ದಾಂಡಿನದು ಏನೂ ತಪ್ಪಿಲ್ಲ ಅಂತ. ಬರೀ ಆಟದಲ್ಲಿ ಸೀಸ ತುಂಬಿದ್ರೂ ನಡೆಯುತ್ತೆ ಅಂತಾಯ್ತು. ಮತ್ತೆ ನನ್ನ ಡ್ರೈವರು ಯಾಕೆ ನಡೆಯಲ್ಲ?"

ಪಿಳ್ಳಪ್ಪನವರು ಡ್ರೈವರನ್ನು ನನ್ನ ಕೈಗೆ ಕೊಟ್ಟು, ಮೆಲ್ಲಗೆ ಎದ್ದು ನಿಂತರು.

"ನಡೆಯುತ್ತೆ ಕಣೋ ಕದಿರಾ, ಚೌಡರೆಡ್ಡಿಗೆ ಇದರಲ್ಲಿ ಒಂದು ಹೊಡೆತ ಕೊಟ್ಟಿದ್ದೀಯಾ?"

ನಾನು ಬಾಯಿ ತೆರೆದೆ. ನಮ್ಮ ಹೋಬಳಿಯಲ್ಲಿ ನನ್ನ ಬಾಯಿಗೆ ಎದುರು ನಿಂತವನಿಲ್ಲ. ಅಂದು ಅದರಲ್ಲಿ ಒಂದು ಮಾತೂ ಹುಟ್ಟಲಿಲ್ಲ. ಅವರು ಕುರ್ಚಿಯನ್ನು ಮಡಚಿಕೊಂಡು, ಕುಂಟುತ್ತಾ ಹೊರಟುಹೋದರು.

ಮುಂದಿನ ಸೋಮವಾರ ಒಂಬತ್ತನೇ ಗುಳಿಯ ದಾರಿಯಲ್ಲಿ ಚೌಡರೆಡ್ಡಿ ತನ್ನ ಕೋಲು ತೆಗೆಯುವ ಮೊದಲೇ ನಾನು ಡ್ರೈವರನ್ನು ಅವನ ಕೈಗೆ ಇಟ್ಟೆ. "ಸೊಂಟ ಮುರ್ಕೋಬೇಡ. ನಿನ್ನ ಹಳೇ ಥರಾನೇ ಹೊಡಿ" ಎಂದೆ. ಅವನು ಹೊಡೆದ. ಚೆಂಡು ಹುಣಸೆ ಮರವನ್ನು ದಾಟಿತು, ಅದೂ ಮಧ್ಯ ನೆತ್ತಿಯ ಮೇಲೆ, ದಾರ ಹಿಡಿದಂತೆ.

ಅವನು ಮರವನ್ನು ನೋಡಿದ. ಕೋಲನ್ನು ತಿರುಗಿಸಿ ನೋಡಿದ. ಆಮೇಲೆ ನನ್ನನ್ನು ನೋಡಿದ.

"ಥೂ ಕಳ್ಳ ನನ್ಮಗನೇ! ಇದೇನೋ ನಿನ್ನ ಎರಡು ಮುದ್ದೆ? ನನ್ನ ಹೊಟ್ಟೆ ಕೆಟ್ಟು ಹೋಯ್ತಲ್ಲೋ!"

ಬೈದು ಮುಗಿಸಲು ಅವನಿಗೆ ಇಡೀ ದಾರಿ ಬೇಕಾಯಿತು. ಆಮೇಲೆ ಡ್ರೈವರನ್ನು ಒಂದು ಸಲ ಅವನು, ಒಂದು ಸಲ ನಾನು ಎಂದು ಹೊಡೆದೆವು. ಚೆಂಡು ಹುಡುಕುವುದರಲ್ಲೇ ಹೊತ್ತು ಮುಳುಗಿತು. ಅಷ್ಟು ನಕ್ಕ ಸೋಮವಾರ ನನಗೆ ಇನ್ನೊಂದು ನೆನಪಿಲ್ಲ. ಅವನ ಕೈ ಮತ್ತೆ ನೇರಕ್ಕೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ.

ಕಲಿಸುವ ಜಾಗಕ್ಕೆ ಪಿಳ್ಳಪ್ಪನವರು ಚೌಡರೆಡ್ಡಿಯ ಹೆಸರು ಹೇಳಿದರು. ಹೊಸಬರಿಗೆ ಮೊದಲು ನೇರ ಹೊಡೆಯುವುದನ್ನು ಕಲಿಸಬೇಕು. ನಾನಾದರೂ ಅವನ ಹೆಸರನ್ನೇ ಹೇಳುತ್ತಿದ್ದೆ. ದೂರದಲ್ಲಿ ಈಗಲೂ ನಾನೇ ಮೇಲು, ನಿಯಮದ ಕೋಲಿನಲ್ಲೂ. ನಂಬದವರು ಸೋಮವಾರ ಬಂದು ನೋಡಬಹುದು.

ದೊಡ್ಡ ಪಂದ್ಯದ ದಿನ ಮೈದಾನದಲ್ಲಿ ಒಬ್ಬ ಬಹಳ ಮುಂದೆ ಹೋಗಿ ಒಂಟಿಯಾಗಿ ನಿಲ್ಲುತ್ತಾನೆ. ಯಾರ ಚೆಂಡು ಎಲ್ಲಿ ಬಿತ್ತು, ಗಡಿಯ ಒಳಗೋ ಹೊರಗೋ ಎಂದು ಬಾವುಟ ಎತ್ತಿ ತೋರಿಸುತ್ತಾನೆ. ಹೊಡೆದವರಿಗೆ ಅಷ್ಟು ದೂರ ಕಾಣುವುದಿಲ್ಲ. ಅವನು ತೋರಿಸಿದ್ದೇ ತೀರ್ಮಾನ.

ಪಿಳ್ಳಪ್ಪನವರು ನನಗೆ ಕೊಟ್ಟದ್ದು ಆ ಬಾವುಟ.