ಹಸಿವಿಲ್ಲದವರ ದೇಶ

“ಗುರುಗಳೇ, ಬಿಳಿಯರು ಕಡಲು ದಾಟಿ ಬಂದು ನಮ್ಮ ನೆಲವನ್ನು ಕಿತ್ತುಕೊಂಡರು. ಅವರು ಬರುವ ಮೊದಲೇ ನಾವು ಅವರ ನೆಲಕ್ಕೆ ಹೋಗಿದ್ದರೆ, ನಾವೂ ಹಾಗೆಯೇ ಮಾಡುತ್ತಿದ್ದೆವೇ?” ಎಂದು ಶಿಷ್ಯ ಕೇಳಿದ.

ಮಧ್ಯಾಹ್ನವಾಗಿತ್ತು. ಶಿಷ್ಯ ಮೂರು ಹರದಾರಿ ನಡೆದು ಬಂದಿದ್ದ. ಗುರುಗಳು ಅವನ ಮುಂದೆ ಬಟ್ಟಲಿಟ್ಟು, ಗಡಿಗೆಯಿಂದ ಗಂಜಿ ಬಡಿಸುತ್ತಿದ್ದರು. ಅವರು ಅಕ್ಷರ ಕಲಿತವರಲ್ಲ. ನಲವತ್ತು ವರ್ಷ ಹಡಗಿನಲ್ಲಿ ಹಾಯಿ ಎಳೆದು, ಆಮೇಲೆ ಕಡಲ ದಂಡೆಯಲ್ಲಿ ಗುಡಿಸಲು ಹಾಕಿಕೊಂಡು ಕೂತವರು. ಕೇಳಬಂದವರಿಗೆ ಕತೆ ಹೇಳುತ್ತಿದ್ದರು.

“ನಿನಗೆ ಏನನ್ನಿಸುತ್ತದೆ?” ಎಂದರು.

“ಮಾಡುತ್ತಿರಲಿಲ್ಲ ಅನ್ನಿಸುತ್ತದೆ. ನಮ್ಮವರು ಎದುರಿಗೆ ಯಾರೇ ಸಿಗಲಿ, ಮೊದಲು ಊಟ ಆಯಿತೇ ಎಂದು ಕೇಳುತ್ತಾರೆ. ಹೆಸರು ಆಮೇಲೆ, ಊರು ಆಮೇಲೆ. ಅಂಥ ಜನ ಇನ್ನೊಬ್ಬರ ಬಾಯಿಯ ತುತ್ತು ಕಸಿಯುತ್ತಾರೆಯೇ? ಈಗ ನಾನೇ ಬಂದ ಕೂಡಲೇ ನಿಮ್ಮನ್ನು ಕೇಳಲಿಲ್ಲವೇ?”

“ಕೇಳಿದೆ.”

“ಆಯಿತು ಅಂದಿರಿ.”

“ಅಂದೆ. ನೀನು ಉಣ್ಣು, ಆರಿಹೋಗುತ್ತದೆ” ಎಂದು ಗುರುಗಳು ಕತೆ ಶುರುಮಾಡಿದರು.

ನಾವೇ ಮೊದಲು ಹೋದೆವು ಎಂದು ಇಟ್ಟುಕೋ. ಇಟ್ಟುಕೊಳ್ಳುವುದೇನು ಬಂತು, ಹೋದೆವು. ಆ ಹಡಗಿನ ಯಜಮಾನ ನನ್ನ ಮುತ್ತಜ್ಜನ ಮುತ್ತಜ್ಜ. ನಂಬದವನು ಬಟ್ಟಲು ಕೆಳಗಿಟ್ಟು ಎದ್ದು ಹೋಗಬಹುದು. ಹಡಗು ಎಷ್ಟು ಉದ್ದವಿತ್ತೆಂದರೆ, ಮುಂದಿನ ತುದಿಯಲ್ಲಿ ಮಳೆ ಹೊಯ್ಯುವಾಗ ಹಿಂದಿನ ತುದಿಯಲ್ಲಿ ಪಂಚೆ ಒಣಗಿಸುತ್ತಿದ್ದರು. ಅದರಲ್ಲಿ ನಲವತ್ತು ಜನ, ಮೆಣಸು, ಮೂವತ್ತು ಮೂಟೆ ಅಕ್ಕಿ. ಬಿರುಗಾಳಿಯೊಂದು ಅದನ್ನು ಹನ್ನೊಂದು ತಿಂಗಳು ಬಿಡದೆ ಅಟ್ಟಿಕೊಂಡು ಹೋಗಿ ಬಿಳಿಯರ ದೇಶದ ಒಂದು ನದಿಯ ಬಾಯಿಗೆ ನಿಲ್ಲಿಸಿತು. ಮರುದಿನ ಬೆಳಗ್ಗೆ ನೀರು ಕಲ್ಲಾಗಿತ್ತು. ಹಡಗು ಸಿಕ್ಕಿಕೊಂಡಿತು. ಒಲೆಯ ಬೆಂಕಿಗೇ ಕಂಬಳಿ ಹೊದಿಸಬೇಕು, ಅಂಥ ಚಳಿ.

ದಂಡೆಯಲ್ಲಿ ಹನ್ನೆರಡು ಮನೆಗಳ ಊರು. ಊರಿಗೆಲ್ಲ ಒಂದೇ ಕಣಜ, ಅದರಲ್ಲಿ ಜವೆಗೋಧಿ. ಹಿಮ ಕರಗುವವರೆಗೆ ಊರು ಅದನ್ನೇ ಉಣ್ಣಬೇಕು. ಕರಗಿದ ಮೇಲೆ ಅದನ್ನೇ ಬಿತ್ತಬೇಕು. ಕಣಜದ ಬೀಗದ ಕೈ ಒಬ್ಬ ಹೆಂಗಸಿನ ಸೊಂಟದಲ್ಲಿತ್ತು. ಗಂಡ ಸತ್ತವಳು. ಮೂರು ಮಕ್ಕಳು.

ಅವರಲ್ಲಿ ಒಂದು ರೀತಿ ಇತ್ತು. ಬಾಗಿಲಿಗೆ ಬಂದವನನ್ನು ಹೊರಗೆ ನಿಲ್ಲಿಸುವಂತಿಲ್ಲ. ಅವನು ಉಂಡು ಸಾಕು ಎನ್ನುವವರೆಗೆ ಮನೆಯವರು ಬಾಯಿಗೆ ಏನನ್ನೂ ಹಾಕಿಕೊಳ್ಳುವಂತಿಲ್ಲ. ಇದೇನು ನಾವು ಕಾಣದ ರೀತಿಯಲ್ಲ.

ನಲವತ್ತು ಜನ ಕೂತರು. ಆಕೆ ಜವೆಯ ಅಂಬಲಿ ಬಡಿಸಿದಳು. ಮೂರು ಮಕ್ಕಳು ಗೋಡೆಗೆ ಒರಗಿ ನಿಂತು ನೋಡಿದವು. ಮರುದಿನವೂ ಕೂತರು. ಆಕೆ ಬಡಿಸಿದಳು. ಹಡಗಿನ ಅಕ್ಕಿ ಮರಳುವ ದಾರಿಗೆ ಬೇಕು ಎಂದು ಯಜಮಾನ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ.

ಹಡಗಿನ ಅಡುಗೆಯವನೊಬ್ಬ ಇದ್ದ. ಜವೆ ತರಲು ಆಕೆಯ ಜೊತೆ ಕಣಜಕ್ಕೆ ಹೋಗುತ್ತಿದ್ದವನು ಅವನು. ಒಂದು ದಿನ ಯಜಮಾನನ ಹತ್ತಿರ ಬಂದ.

“ಯಜಮಾನರೇ, ಕಣಜ ಅರ್ಧಕ್ಕಿಂತ ಕೆಳಗೆ ಇಳಿದಿದೆ. ನಮ್ಮ ಅಕ್ಕಿಯ ಒಂದು ಮೂಟೆ ಬಿಚ್ಚಲೇ?”

“ಬಡಿಸುವವಳೇ ಸುಮ್ಮನಿದ್ದಾಳೆ. ಉಣ್ಣುವ ನಿನಗ್ಯಾಕೋ ಹೊಟ್ಟೆನೋವು?”

“ಆಕೆ ಉಂಡದ್ದನ್ನು ನಾನು ಒಂದು ದಿನವೂ ನೋಡಿಲ್ಲ.”

“ಅಷ್ಟೇ ತಾನೆ? ಕೇಳಿಯೇ ಬಿಡೋಣ ಬಾ. ಇಲ್ಲ ಅಂದರೆ ಬಿಚ್ಚು.”

ಯಜಮಾನ ಅಷ್ಟರಲ್ಲಿ ಆ ಜನರ ಮಾತು ನಾಲ್ಕಾರು ಕಲಿತಿದ್ದ. ಎಲ್ಲಕ್ಕಿಂತ ಮೊದಲು ಕಲಿತದ್ದೇ ಈ ಮಾತು. ಆಕೆ ಒಲೆಯ ಮುಂದೆ ಇದ್ದಳು. “ಊಟ ಆಯಿತೇ ತಾಯಿ?” ಎಂದು ಕೇಳಿದ.

“ಆಯಿತು” ಎಂದಳು.

ಯಜಮಾನ ಅಡುಗೆಯವನ ಕಡೆ ತಿರುಗಿ, “ಕಿವಿ ಇದೆ ತಾನೆ ನಿನಗೆ?” ಎಂದ. ಮೂಟೆ ಕಟ್ಟಿದಂತೆಯೇ ಉಳಿಯಿತು.

ಆಯಿತು ಅನ್ನುವುದು ಎಂಥ ಮಾತು ಎಂದು ಅವನಿಗೆ ತಿಳಿಯದೇ ಇತ್ತೇ? ನಮ್ಮ ಕಡೆ ಎರಡು ದಿನ ಹಸಿದು ಬಂದವನೂ ಮೊದಲ ಸಲ ಕೇಳಿದರೆ ಆಯಿತು ಅನ್ನುತ್ತಾನೆ. ಎರಡನೆಯ ಸಲ ಕೇಳಿ, ಕೈ ಹಿಡಿದು ಕೂರಿಸಿದರೆ ಆಗ ಉಣ್ಣುತ್ತಾನೆ. ನನ್ನ ಮುತ್ತಜ್ಜನ ಮುತ್ತಜ್ಜ ತನ್ನ ಊರಿನಲ್ಲಿ ಸಾವಿರ ಜನರನ್ನು ಹಾಗೆ ಕೈ ಹಿಡಿದು ಕೂರಿಸಿದವನು. ಅಲ್ಲಿ ಒಂದೇ ಸಲ ಕೇಳಿದ. ದಿನವೂ ಕೇಳಿದ. ದಿನವೂ ಒಂದೇ ಸಲ.

ಇಷ್ಟು ಹೇಳಿ ಗುರುಗಳು ಗಡಿಗೆಗೆ ಸೌಟು ಹಾಕಿದರು. ಶಿಷ್ಯ ಬಟ್ಟಲನ್ನು ಮುಂದೆ ಹಿಡಿದ. ಗುರುಗಳು ಬಡಿಸಿ ಮತ್ತೆ ಹೇಳತೊಡಗಿದರು.

ನಡುಚಳಿಗಾಲಕ್ಕೆ ಗೋಡೆಗೆ ಒರಗಿ ನಿಲ್ಲುವ ಮಕ್ಕಳು ಎರಡಾದವು. ಕೆಲವು ದಿನ ಕಳೆದ ಮೇಲೆ ಒಂದಾಯಿತು.

“ಇನ್ನೆರಡು ಎಲ್ಲಿ ತಾಯಿ?” ಎಂದು ಯಜಮಾನ ಕೇಳಿದ.

“ಮಲಗಿವೆ.”

“ಪಾಪ, ಚಳಿ” ಎಂದು ಯಜಮಾನ ಬಟ್ಟಲು ಚಾಚಿದ. ಆಕೆ ಬಡಿಸಿದಳು. ಸೌಟು ತಳ ಕೆರೆಯಿತು.

ಅಂದಿನಿಂದ ಅಡುಗೆಯವನು ತನ್ನ ಪಾಲಿನಲ್ಲಿ ಅರ್ಧ ಉಳಿಸಿ ಗೋಡೆಯ ಹತ್ತಿರ ಇಡತೊಡಗಿದ. ಉಳಿದದ್ದು ಹೆಣ್ಣುಮಗು. ಅದು ಬದುಕಿತು.

ನದಿಯ ಕಲ್ಲುನೀರು ಒಡೆದು ಕರಗಿದ ದಿನ ಕಣಜದಲ್ಲಿ ಒಂದು ಕಾಳಿರಲಿಲ್ಲ. ಬಿತ್ತಲಿಕ್ಕೂ ಇರಲಿಲ್ಲ. ಹನ್ನೆರಡು ಮನೆಗಳಲ್ಲಿ ಏಳರ ಬಾಗಿಲು ಒಳಗಿನಿಂದ ತೆರೆಯಲಿಲ್ಲ. ಅದೇ ಬೆಳಗ್ಗೆ ಆಕೆಯೂ ಏಳಲಿಲ್ಲ. ಯಜಮಾನ ಅತ್ತ. ಸುಳ್ಳು ಅಳುವಲ್ಲ ಅದು, ಸ್ವಂತ ತಾಯಿಗೂ ಅವನು ಅಷ್ಟು ಅತ್ತಿರಲಿಲ್ಲ. ತಲೆ ಬೋಳಿಸಿಕೊಂಡ. ಹದಿಮೂರನೆಯ ದಿನ ಆಕೆಯ ಹೆಸರಿನಲ್ಲಿ ಊಟ ಹಾಕಿಸಿದ. ಆಗ ಅಕ್ಕಿಯ ಮೂಟೆ ಬಿಚ್ಚಿದರು.

ಊರಲ್ಲಿ ಉಳಿದವರು ಬಂದರು. ಬಂದು, ತಮ್ಮ ರೀತಿಯಂತೆ ಗೋಡೆಗೆ ಒರಗಿ ನಿಂತರು. ಪರದೇಶದವರ ಊಟ ಮುಗಿಯದೆ ಅವರು ಕೂರುವಂತಿರಲಿಲ್ಲ. ನಮ್ಮವರು ಉಂಡರು, ಕೈ ತೊಳೆದರು. “ಬನ್ನಿ, ಕೂತುಕೊಳ್ಳಿ” ಎಂದು ಒಂದು ಸಲ ಕರೆದರು. “ನಮ್ಮದಾಯಿತು” ಎಂದರು ಅವರು. ಉಳಿದ ಅನ್ನವನ್ನು ನಾವಿಕರು ಬುತ್ತಿ ಕಟ್ಟಿ ಹಡಗಿಗೆ ಒಯ್ದರು.

ಯಜಮಾನ ಊರಿಗೆ ಮರಳಿ ದೊರೆಯ ಮುಂದೆ ನಿಂತ. “ಮಹಾಸ್ವಾಮಿ, ಕಲ್ಲುನೀರಿನ ಆಚೆ ಒಂದು ದೇಶ ಕಂಡೆ. ಅಲ್ಲಿಯ ಜನಕ್ಕೆ ಹಸಿವು ಎಂಬುದೇ ಇಲ್ಲ. ಬಡಿಸುವುದೆಂದರೆ ಪ್ರಾಣ. ದಿನಾ ನನ್ನ ಬಾಯಾರೆ ಕೇಳಿದ್ದೇನೆ, ಒಂದು ದಿನವೂ ಇಲ್ಲ ಅನ್ನಲಿಲ್ಲ” ಎಂದ. ಕರಣಿಕ ಅದನ್ನು ಓಲೆಯಲ್ಲಿ ಬರೆದ. ದೊರೆ ಮುದ್ರೆ ಒತ್ತಿದ.

ಮರುವರ್ಷ ಹತ್ತು ಹಡಗು ಹೋದವು. ಅದರ ಮರುವರ್ಷ ಇನ್ನೂರು. ನದಿಯ ಬಾಯಿಗೆ ನಮ್ಮವರ ಕೋಟೆ ಎದ್ದಿತು. ಹಡಗುಗಳಿಗೆ ಹಾಯಿ ಬೇಕು, ಹಾಯಿಗೆ ನಾರು ಬೇಕು. ಜವೆ ಬಿತ್ತುವುದು ನಿಲ್ಲಿಸಿ, ಅಗಸೆ ಬೆಳೆದು ನಾರು ತೆಗೆಯಿರಿ ಎಂದು ಡಂಗುರ ಸಾರಿದರು. ಹಸಿವಿಲ್ಲದ ಜನಕ್ಕೆ ಜವೆ ಯಾಕೆ? ಕೂಲಿ ಯಾಕೆ? ಅಗಸೆಯ ಹೊಲದಲ್ಲಿ ದುಡಿಯುವವರು ಕುಸಿದು ಬಿದ್ದರು. ನಮ್ಮ ವೈದ್ಯರು ಹೋಗಿ ನಾಡಿ ಹಿಡಿದು ನೋಡಿದರು. ಕೆಲವರಿಗೆ ಚಳಿ ಎಂದು ಬರೆದರು, ಉಳಿದವರಿಗೆ ಮೈಗಳ್ಳತನ ಎಂದು ಬರೆದರು. ಹಸಿವು ಎಂದು ಬರೆಯುವಂತಿರಲಿಲ್ಲ. ಅದು ದೊರೆಯ ಓಲೆಗೆ ಎದುರು ಮಾತಾಗುತ್ತಿತ್ತು. ಆದರೂ ಒಂದು ಮಾತು ಹೇಳಲೇಬೇಕು. ನಮ್ಮವರು ಬಿರುಸಿನ ಜನವಲ್ಲ. ಕೋಟೆಯ ಅಧಿಕಾರಿ ದಾರಿಯಲ್ಲಿ ಯಾರೇ ಸಿಗಲಿ, ನಿಂತು, ಊಟ ಆಯಿತೇ ಎಂದು ಕೇಳಿಯೇ ಮುಂದೆ ಹೋಗುತ್ತಿದ್ದ.

ಹೀಗೆ ವರ್ಷಗಳು ಕಳೆದು, ಅಡುಗೆಯವನು ಬದುಕಿಸಿದ ಹೆಣ್ಣುಮಗು ದೊಡ್ಡವಳಾಗಿದ್ದಳು. ಅವಳೂ ಅಗಸೆಯ ಹೊಲದಲ್ಲಿ ದುಡಿಯುತ್ತಿದ್ದಳು. ಒಂದು ದಿನ ಅಧಿಕಾರಿ ಹೊಲದ ಬದುವಿನಲ್ಲಿ ನಿಂತು, “ಊಟ ಆಯಿತೇ ತಂಗಿ?” ಎಂದು ಕೇಳಿದ.

“ಇಲ್ಲ” ಎಂದಳು ಅವಳು. “ನನಗೂ ಆಗಿಲ್ಲ. ನನ್ನ ತಾಯಿಗೂ ಆಗಿರಲಿಲ್ಲ.”

ಹೊಲದಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿದರು. ಆ ದೇಶದಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ. ಅಧಿಕಾರಿ ಓಲೆ ತರಿಸಿ ಓದಿಸಿದ. ಓಲೆಯಲ್ಲಿ ಹಾಗಿರಲಿಲ್ಲ. ಅವಳನ್ನು ಕೋಟೆಯ ಬಾಗಿಲಿನಲ್ಲಿ ನೇಣಿಗೆ ಹಾಕಿದರು. ಓಲೆಯ ಒಂದು ಸಾಲು ಅಳಿಸುವುದಕ್ಕಿಂತ ಅದು ಸುಲಭದ ಕೆಲಸ. ಮರುದಿನ ಅಧಿಕಾರಿ ಅದೇ ಬದುವಿನಲ್ಲಿ ನಿಂತು ಹೊಲದವರನ್ನು ಕೇಳಿದ. ಎಲ್ಲರೂ ಒಂದೇ ದನಿಯಲ್ಲಿ ಆಯಿತು ಎಂದರು.

ಗುರುಗಳು ಕತೆ ಮುಗಿಸಿದರು. ಸೌಟಿನಿಂದ ಗಡಿಗೆಯ ತಳ ಕೆರೆದು, ಬಂದಷ್ಟನ್ನು ಶಿಷ್ಯನ ಬಟ್ಟಲಿಗೆ ಹಾಕಿದರು. ಶಿಷ್ಯ ಅದನ್ನೂ ಉಂಡ.

“ಆ ಯಜಮಾನ ಕೆಟ್ಟವನು ಗುರುಗಳೇ” ಎಂದ.

“ಬಾಯಿಗೆ ಬಂದದ್ದು ಆಡಬೇಡ. ನಮ್ಮ ವಂಶದಲ್ಲೇ ಅಂಥ ಒಳ್ಳೆಯವನು ಹುಟ್ಟಿಲ್ಲ. ಕೇಳುವುದನ್ನು ಒಂದು ದಿನ ತಪ್ಪಿಸಿದವನಲ್ಲ.”

“ಒಳ್ಳೆಯವನಾದರೆ ಎರಡನೆಯ ಸಲ ಕೇಳಬೇಕಿತ್ತು. ಎದುರಿಗಿದ್ದವರ ಮುಖ ನೋಡಿದರೆ ಗೊತ್ತಾಗುವುದಿಲ್ಲವೇ? ನಾನಾಗಿದ್ದರೆ ಕೇಳುತ್ತಿದ್ದೆ” ಎಂದು ಶಿಷ್ಯ ಬಟ್ಟಲಿನ ಅಂಚನ್ನು ಬೆರಳಿನಿಂದ ಒರೆಸಿ ನೆಕ್ಕಿದ.

ಗುರುಗಳು ಬರಿದಾದ ಗಡಿಗೆಯನ್ನು ಅವನ ಮುಂದೆ ಬೋರಲು ಹಾಕಿದರು.

“ಇದರಲ್ಲಿ ಇದ್ದದ್ದು ಒಬ್ಬನ ಗಂಜಿ, ಮಗಾ.”