ಪೇಟೆ ಬೀದಿಯಲ್ಲಿ ಭಂಡಾರಿಯ ಥೈಲಿ

"ನಾನು ಭಂಡಾರಿಯಾದ ಮೇಲೆ ಅರಮನೆಯ ಒಂದು ಕಾಸೂ ಪೋಲಾಗಿಲ್ಲ ಪ್ರಭು!" ಎಂದು ಗುಂಡರಸಯ್ಯನವರು ತುಂಬಿದ ಸಭೆಯಲ್ಲಿ ಎದೆಯುಬ್ಬಿಸಿ ಹೇಳಿದರು.

ಪೋಲಾಗುವುದಾದರೂ ಹೇಗೆ? ಕಾಸು ಆಚೆಗೆ ಬಂದರೆ ತಾನೆ! ಅವರು ಥೈಲಿಯ ಗಂಟು ಬಿಚ್ಚಿದ್ದನ್ನು ಕಣ್ಣಾರೆ ಕಂಡವರು ಇಡೀ ಕಿರುಗೋಡಿನಲ್ಲಿ ಒಬ್ಬರೂ ಇರಲಿಲ್ಲ.

ದೊರೆ ಬೊಮ್ಮನಾಯಕನಿಗೆ ಆವತ್ತು ಈ ಜಂಬ ಹಿಡಿಸಲಿಲ್ಲ. "ಅಲ್ಲಯ್ಯ, ಪೇಟೆ ಬೀದಿ ಬಿಕೋ ಅನ್ನುತ್ತಿದೆ. ಅಲ್ಲಿನ ಸಣ್ಣಪುಟ್ಟ ಅಂಗಡಿಯವರು ಚಪ್ಪರ ಹಾಕಿಕೊಳ್ಳಲಿ, ದೀಪ ಕಟ್ಟಿಕೊಳ್ಳಲಿ, ನಾಲ್ಕು ಜನ ಕೂತು ಹರಟುವ ಹಾಗಾಗಲಿ ಅಂತ ಯುಗಾದಿಗೇ ನಿನ್ನ ಕೈಗೆ ಒಂದು ಥೈಲಿ ಕೊಟ್ಟೆನಲ್ಲ, ಅದೇನಾಯಿತು?"

"ಭದ್ರವಾಗಿದೆ ಪ್ರಭು!"

"ಭದ್ರವಾಗಿರಲಿ ಅಂತ ಕೊಟ್ಟೆನೇ?"

"ಸುಮ್ಮನೆ ಹಂಚಿಬಿಟ್ಟರೆ ಆಗುತ್ತದೆಯೇ? ಮೊದಲು ಬೀದಿಯಲ್ಲಿ ಜನ ತುಂಬಲಿ. ಈ ಅಂಗಡಿಯವರು ಕೈಲಾಗುವವರು ಅಂತ ನನಗೆ ಗೊತ್ತಾಗಲಿ. ಹಣ ಆಮೇಲೆ."

ಬಾಗಿಲಲ್ಲಿ ನಿಂತಿದ್ದ ಈರವ್ವನಿಗೆ ತಡೆಯಲಾಗಲಿಲ್ಲ. ಆಕೆ ಪೇಟೆ ಬೀದಿಯಲ್ಲಿ ಕಡುಬು ಮಾರುವವಳು. ಊರು ಬಿಡುವ ಮುಂಚೆ ದೊರೆಗೊಂದು ಮಾತು ಹೇಳಿ ಹೋಗೋಣವೆಂದು ಬಂದಿದ್ದಳು.

"ಬುದ್ಧಿ, ಆ ಬಿಸಿಲಲ್ಲಿ ನೆರಳಿಲ್ಲದೆ ಜನ ಬರಲ್ಲ. ಜನ ಬರದೆ ಇವರು ಹಣ ಕೊಡಲ್ಲ. ಹಣ ಇಲ್ಲದೆ ನೆರಳಾಗಲ್ಲ. ನಾನು ಹುಟ್ಟಿ ಬೆಳೆದ ಬೀದಿ ಅದು. ಬಿಟ್ಟು ಹೋಗೋಕೆ ಕರುಳು ಹಿಂಡಿದ ಹಾಗಾಗ್ತದೆ. ಏನು ಮಾಡಲಿ? ಗಂಟುಮೂಟೆ ಕಟ್ಟಿದೀನಿ, ನಾಳಿದ್ದು ತಂಗಿ ಊರಿಗೆ ಹೊರಟೆ."

ಆಗ ಕಂಬಕ್ಕೊರಗಿ ತೂಕಡಿಸುವವನಂತೆ ಕೂತಿದ್ದ ಜಕ್ಕಣ್ಣ ಒಂದು ಕಣ್ಣು ತೆರೆದ. ದೊರೆಯನ್ನು ನಗಿಸುವುದು ಇವನ ಕೆಲಸ, ದೊಡ್ಡವರ ಕಾಲೆಳೆಯುವುದು ಇವನ ಚಟ.

"ಭಂಡಾರಿಗಳೇ, ನಾಳೆಯೇ ಆ ಬೀದಿ ಜನರಿಂದ ತುಂಬಿದರೆ?"

"ಅಲ್ಲೇ, ಆಗಲೇ ಥೈಲಿ ಬಿಚ್ಚುತ್ತೇನೆ! ತುಂಬದಿದ್ದರೆ ನೀನು ವರ್ಷವಿಡೀ ಆ ಬೀದಿ ಗುಡಿಸಬೇಕು. ಜನ ಸೇರಿಸಲಿಕ್ಕೆ ಭಂಡಾರದಿಂದ ಒಂದು ಕಾಸೂ ಸಿಗುವುದಿಲ್ಲ."

"ಬೇಡವೇ ಬೇಡ. ತಾವು ಥೈಲಿ ಹಿಡಿದು ಈರವ್ವನ ಅಂಗಡಿ ಮುಂದೆ ಬಂದು ಕೂತರೆ ಸಾಕು. ಜನ ಸೇರಿದ ಮೇಲೆ ತಮ್ಮನ್ನು ಎಲ್ಲಿ ಅಂತ ಹುಡುಕಲಿ?"

"ಕೂರುತ್ತೇನಯ್ಯ, ಅದಕ್ಕೇನು!" ಎಂದು ಗುಂಡರಸಯ್ಯನವರು ಮೀಸೆ ತಿರುವಿದರು. ಬೀದಿ ಗುಡಿಸುವ ಜಕ್ಕಣ್ಣ ಆಗಲೇ ಅವರ ಕಣ್ಣ ಮುಂದೆ ಬಂದಿದ್ದ.

ಮರುದಿನ ಬೆಳಿಗ್ಗೆ ಊರಿಗೆಲ್ಲ ಡಂಗುರ ಬಿತ್ತು.

"ಕೇಳ್ರಪ್ಪೋ ಕೇಳಿ! ಇವತ್ತು ಪೇಟೆ ಬೀದಿ ತುಂಬಿದರೆ, ಭಂಡಾರಿ ಗುಂಡರಸಯ್ಯನವರು ಎಲ್ಲರೆದುರಿಗೆ ಥೈಲಿ ಬಿಚ್ಚುತ್ತಾರೆ!"

ಅಬ್ಬಬ್ಬಾ, ಆಮೇಲೆ ನೋಡಬೇಕಿತ್ತು! ಒಲೆ ಮೇಲಿಟ್ಟ ಎಸರು ಇಳಿಸಿ ಹೆಂಗಸರು ಬಂದರು. ಮಗ್ಗ ನಿಲ್ಲಿಸಿ ನೇಕಾರರು ಬಂದರು. ಹಾಸಿಗೆ ಹಿಡಿದಿದ್ದ ಮುದುಕನೊಬ್ಬ "ಇದೊಂದು ನೋಡಿಯೇ ಕಣ್ಣು ಮುಚ್ಚುತ್ತೇನೆ" ಎಂದು ಮೊಮ್ಮಕ್ಕಳ ಕೈಲಿ ಹೊರಿಸಿಕೊಂಡು ಬಂದ. ಜನ ಸೇರಿದ ಕಡೆ ಬಿಡುತ್ತಾರೆಯೇ, ಬಳೆಗಾರ, ಬತ್ತಾಸಿನವನು, ದೊಂಬರಾಟದವರು ಎಲ್ಲ ಹಾಜರು! ಈರವ್ವ ಕಡುಬು ಬೇಯಿಸಿದಷ್ಟೂ ಖಾಲಿ. ಸೆರಗಿನಲ್ಲಿ ಬೆವರೊರೆಸಿಕೊಳ್ಳಲೂ ಪುರುಸೊತ್ತಿರಲಿಲ್ಲ ಅವಳಿಗೆ.

ಮಧ್ಯಾಹ್ನದ ಹೊತ್ತಿಗೆ ದೊರೆಯೇ ಬಂದ. ಹೆಜ್ಜೆಯಿಡಲು ಜಾಗವಿಲ್ಲ.

"ಗುಂಡರಸಯ್ಯ, ಬೀದಿ ತುಂಬಿದೆ. ಬಿಚ್ಚು."

ಬಿಸಿಲಲ್ಲಿ ಕೆಂಪಗಾಗಿದ್ದ ಗುಂಡರಸಯ್ಯನವರು ಥೈಲಿಯನ್ನು ಇನ್ನಷ್ಟು ಅವಚಿಕೊಂಡರು. ಅವರೇನು ಕಡಿಮೆ ಆಸಾಮಿಯೇ? "ಪ್ರಭು, ಬೀದಿಗೆ ಕಳೆ ಬರಲಿ ಅಂತ ತಾನೆ ಹಣ? ಹಣವಿಲ್ಲದೆಯೇ ಬಂತಲ್ಲ! ಇನ್ನು ಬಿಚ್ಚುವುದೇಕೆ?"

ದೊರೆ ತಲೆ ಕೆರೆದುಕೊಂಡ. ಈರವ್ವನ ಮುಖ ಸಪ್ಪಗಾಯಿತು.

"ಭಂಡಾರಿಗಳು ಹೇಳುವುದು ಸರಿ ಪ್ರಭು," ಎಂದ ಜಕ್ಕಣ್ಣ.

ಗುಂಡರಸಯ್ಯನವರಿಗೇ ನಂಬಿಕೆ ಬರಲಿಲ್ಲ. "ಸರಿಯೇ?"

"ಸರಿಯೇ ಮತ್ತೆ! ಈ ಜನ ಬಂದದ್ದು ಕಡುಬಿಗಲ್ಲ, ಬತ್ತಾಸಿಗಲ್ಲ, ತಾವು ಗಂಟು ಬಿಚ್ಚುವುದನ್ನು ನೋಡಲಿಕ್ಕೆ. ಇವತ್ತು ಬಿಚ್ಚದಿದ್ದರೆ ನಾಳೆ ಬರುತ್ತಾರೆ, ನಾಳೆ ಬಿಚ್ಚದಿದ್ದರೆ ನಾಡಿದ್ದು. ಆದ್ದರಿಂದ ಪ್ರಭು, ಭಂಡಾರಿಗಳು ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಇಲ್ಲೇ ಹೀಗೇ ಕೂತಿರಲಿ ಅಂತ ಅಪ್ಪಣೆಯಾಗಲಿ. ಖರ್ಚಿಲ್ಲದೆ ಬೀದಿ ತುಂಬಿರುತ್ತದೆ."

"ಭೇಷ್! ಹಾಗೇ ಆಗಲಿ," ಎಂದ ದೊರೆ.

"ದಿನಾ?" ಗುಂಡರಸಯ್ಯನವರು ಬೋಳುತಲೆ ಮುಟ್ಟಿಕೊಂಡರು. ಕಾದ ಹಂಚಾಗಿತ್ತು. "ಈ ಬಿಸಿಲಲ್ಲೇ? ಸಾಯುತ್ತೇನೆ ಪ್ರಭು! ಒಂದಿಷ್ಟು ನೆರಳಾದರೂ ಬೇಡವೇ?"

"ಬೇಕು ಸ್ವಾಮಿ, ಖಂಡಿತ ಬೇಕು," ಎಂದು ಜಕ್ಕಣ್ಣ ಕೈಮುಗಿದ. "ಆದರೆ ನೆರಳಿಗೆ ಚಪ್ಪರ ಬೇಕು, ಚಪ್ಪರಕ್ಕೆ ಹಣ ಬೇಕು. ಆ ಹಣ ತಮ್ಮ ಮಡಿಲಲ್ಲೇ ಕೂತಿದೆಯಲ್ಲ!"

ಬೀದಿಗೆ ಬೀದಿಯೇ ಗೊಳ್ಳೆಂದಿತು. ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಗುಂಡರಸಯ್ಯನವರು ಗಂಟಿಗೆ ಕೈಹಾಕಿದರು. ಎಷ್ಟು ಎಳೆದರೂ ಬಿಚ್ಚಲೊಲ್ಲದು, ಅಭ್ಯಾಸವಿದ್ದರೆ ತಾನೆ! ಕೊನೆಗೆ ಈರವ್ವನೇ ಬಂದು ಹಲ್ಲಿನಿಂದ ಕಚ್ಚಿ ಸಡಿಲಿಸಿದಳು.

ದೊರೆ ತನ್ನ ಕೈಯ ಕಡಗ ತೆಗೆದು ಜಕ್ಕಣ್ಣನಿಗೆ ತೊಡಿಸಿದ. ಈರವ್ವ ಕಟ್ಟಿದ್ದ ಗಂಟುಮೂಟೆಯನ್ನು ಒಳಗೆಸೆದು, ಬಿಸಿ ಕಡುಬೊಂದನ್ನು ಎಲೆಯಲ್ಲಿಟ್ಟು ಭಂಡಾರಿಗಳ ಮುಂದೆ ಹಿಡಿದಳು.

"ಎಷ್ಟು?" ಎಂದು ಗುಂಡರಸಯ್ಯನವರು ಬೆಚ್ಚಿದರು.

"ನಿಮಗೆ ಬಿಟ್ಟಿ, ಬುದ್ಧಿ."

"ಓಹೋ! ಹಾಗಾದರೆ ನಾಳೆಯೂ ಬರುತ್ತೇನೆ ಬಿಡು."