ತಿಪ್ಪೆಯ ಮೇಲಿನ ಕೆಂಪು ತೆನೆ

“ಅಜ್ಜಾರ, ಕಣ್ಣು ತಾನಾಗಿ ಆತೋ, ಯಾರಾದ್ರೂ ಮಾಡಿದ್ರೋ?”

ಮಠದ ಕಟ್ಟೆಗೆ ಬಂದ ಶಿಷ್ಯ ಕೂಡುವ ಮೊದಲೇ ಗುರುವನ್ನು ಕೇಳಿದ. ಅವನ ಹೆಸರು ರಾಚೋಟಿ. ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರದ ಅಧ್ಯಾಪಕ. ಜೀವಿಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತ ಬಂದವು ಎಂಬುದು ಅಲ್ಲಿಯ ಪಾಠ. ಇಷ್ಟು ಅಚ್ಚುಕಟ್ಟಾದ ಕಣ್ಣು ತಾನಾಗಿ ಆಗಲಾರದು, ಬುದ್ಧಿವಂತ ಕರ್ತೃ ಒಬ್ಬನಿರಲೇಬೇಕು ಎಂಬುದು ಅಲ್ಲಿಯ ಕೆಲವು ಹಿರಿಯರ ವಾದ. ಇದನ್ನೂ ವಿಜ್ಞಾನವೆಂದೇ ಕಲಿಸಬೇಕು ಎಂದು ಅವರು ಪಟ್ಟು ಹಿಡಿದಿದ್ದರು. ಅದು ಮರುದಿನದ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ರಾಚೋಟಿ ವರ್ಷಗಟ್ಟಲೆ ಗುಹೆಯ ಮೀನುಗಳನ್ನು ಅಭ್ಯಾಸ ಮಾಡಿದವನು. ಕತ್ತಲಲ್ಲೇ ಹುಟ್ಟಿ ಸಾಯುವ ಆ ಮೀನುಗಳಿಗೆ ಕಣ್ಣಿನ ಗುಳಿ ಇದೆ, ಕಣ್ಣಿಲ್ಲ. ಕಣ್ಣಿದ್ದ ಮೀನುಗಳಿಂದ ಬದಲಾಗುತ್ತ ಬಂದದ್ದರ ಗುರುತು ಅದು. ಆ ಮಾತನ್ನು ಸಭೆಯಲ್ಲಿ ಎತ್ತಬೇಡ ಎಂದು ಹಿರಿಯರು ಹೇಳಿದ್ದರು.

“ನನಗ ಅವರ ಭಯ ಇಲ್ರಿ. ಮುಂಜಾನೆ ಪೂಜಿಗೆ ಕುಂತ್ರ ಅರ್ಧಕ್ಕ ಎದ್ದು ಬರ್ತೇನಿ. ದೇವರು ಮಾಡ್ಲಿಲ್ಲ ಅಂತ ನಾನ ಹೋಗಿ ಸಾಕ್ಷಿ ಹೇಳಿದಂಗ ಆಗತೈತಿ. ಸುಮ್ನಿದ್ದುಬಿಡ್ಲೇನ್ರಿ?” ಎಂದ. ಹೇಳುತ್ತ ಹೇಳುತ್ತ ಮತ್ತೆ ಎದ್ದು ನಿಂತಿದ್ದ.

“ಹಾವೂ ಸಾಯಬಾರದು, ಕೋಲೂ ಮುರೀಬಾರದು! ಕೂಡೋ ತಮ್ಮಾ, ಕಾಲಿಗೆ ಚಕ್ರ ಕಟ್ಕೊಂಡವರಂಗ ತಿರಗಬ್ಯಾಡ” ಎಂದು ನಕ್ಕ ಗುರು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಮನೆಯ ಜೋಳದ ಬೀಜವನ್ನು ಊರದೇವತೆ ದ್ಯಾಮವ್ವ ತನ್ನ ಉಡಿಯಿಂದಲೇ ಅವನ ಹಿರಿಯರಿಗೆ ಕೊಟ್ಟಳೆಂದು ನಂಬಿಕೆ. ತೆನೆಗಳೆಲ್ಲ ಬಿಳಿ, ಒತ್ತಾದ ಕಾಳು, ಒಂದರಂತೆ ಒಂದು. ಸುತ್ತಲಿನ ಊರುಗಳೆಲ್ಲ ಬಿತ್ತನೆಗೆ ಆ ಮನೆಯ ಬಾಗಿಲಿಗೇ ಬರುತ್ತಿದ್ದವು.

ಆದರೆ ಪ್ರತಿ ವರ್ಷವೂ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ತೆನೆ ಬೇರೆ ಬರುತ್ತಿತ್ತು. ಕೆಂಪಗೆ, ಬಿಡಿಬಿಡಿಯಾಗಿ. ರೈತ ಬೆಳಕು ಹರಿಯುವ ಮೊದಲೇ ಹೋಗಿ ಅವನ್ನು ಕಿತ್ತು, ತಂದು ತಿಪ್ಪೆಯಲ್ಲಿ ಹೂಳುತ್ತಿದ್ದ. ಹೆಂಡತಿ ಯಾಕೆಂದು ಕೇಳಿದರೆ, “ಯಾರರ ನೋಡಿದ್ರ ದ್ಯಾಮವ್ವನ ಕೈ ತಪ್ಪಿತು ಅಂತಾರ” ಎನ್ನುತ್ತಿದ್ದ. ತೆನೆ ಬಲಿಯುವ ಕಾಲಕ್ಕೆ ಅವನಿಗೆ ನಿದ್ದೆಯಿಲ್ಲ. ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಬೆಳೆ ಚೆನ್ನಾಗಿ ಬಂದಷ್ಟೂ ಪುಕ್ಕಲನಾದ, ಪಾಪ.

ಒಂದು ವರ್ಷ ಜೋಳಕ್ಕೆ ಕಾಡಿಗೆ ರೋಗ ಬಿತ್ತು. ಕಾಳಿರಬೇಕಾದಲ್ಲೆಲ್ಲ ಕರಿ ಪುಡಿ. ಅವನ ಹೊಲ ಹೋಯಿತು, ಊರ ಹೊಲಗಳೂ ಹೋದವು. ಎಲ್ಲರದೂ ಒಂದೇ ಬೀಜವಲ್ಲವೇ, ಒಂದನ್ನು ಹಿಡಿದ ರೋಗ ಯಾವುದನ್ನೂ ಬಿಡಲಿಲ್ಲ.

ಒಂದು ಬೆಳಿಗ್ಗೆ ಸಗಣಿ ಹಾಕಲು ಹೋದ ಹೆಂಡತಿ ತಿಪ್ಪೆಯ ಅಂಚಿನಲ್ಲಿ ನಾಲ್ಕು ದಂಟು ಕಂಡಳು. ಗಂಡ ಹಿಂದಿನ ವರ್ಷ ಹೂತ ಕಾಳು ಅಲ್ಲೇ ಮೊಳೆತು ಬೆಳೆದಿತ್ತು. ಕೆಂಪು ತೆನೆ, ಬಿಡಿ ಕಾಳು, ಕಾಡಿಗೆಯ ಸುಳಿವೇ ಇಲ್ಲ. ಓಡಿಹೋಗಿ ಗಂಡನನ್ನು ಕರೆತಂದಳು. ಅವನು ನೋಡಿದ. ನೋಡಿದವನೇ ಬಗ್ಗಿ ದಂಟಿಗೆ ಕೈ ಹಾಕಿದ. ಅಷ್ಟು ವರ್ಷ ಕಿತ್ತ ಕೈ, ಮತ್ತೇನು ಮಾಡೀತು?

ಹೆಂಡತಿ ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. “ಊರಿಗೆಲ್ಲಾ ಉಳದಿದ್ದು ಇದೊಂದ ಬೀಜ. ಇದನ್ನೂ ಕಿತ್ತಿ ಅಂದ್ರ, ಬರೋ ವರ್ಷ ನಿನ್ನ ದ್ಯಾಮವ್ವಗ ಯಾತರ ನೈವೇದ್ಯ ಮಾಡ್ತಿ?”

ರೈತ ದಂಟನ್ನು ಬಿಟ್ಟ. ಅಲ್ಲೇ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತ. ಮುಂದಿನ ಮುಂಗಾರು ಮಳೆಗೆ ಆ ಕಾಳನ್ನೇ ಬಿತ್ತಿದರು. ಬೀಜ ಬೆಳೆಯಿಂದ ಬೆಳೆಗೆ ಹೆಚ್ಚಿ, ಕೆಲವು ವರ್ಷಗಳಲ್ಲಿ ಊರಿನ ರೊಟ್ಟಿ ಕೆಂಪಾಯಿತು. ದ್ಯಾಮವ್ವನ ಗುಡಿಯ ದೀಪ ಮಾತ್ರ ಎಂದಿನಂತೆ ಉರಿಯುತ್ತಿತ್ತು.

ಗುರು ಕತೆ ನಿಲ್ಲಿಸಿದರು. ರಾಚೋಟಿಯ ಚಡಪಡಿಕೆ ನಿಂತಿರಲಿಲ್ಲ. ಬೆರಳು ಹಿಸುಕಿಕೊಳ್ಳುತ್ತ, “ಕಿತ್ತಿದ್ದು ತಪ್ಪ ಖರೆ. ಆದ್ರ ಅಜ್ಜಾರ, ಅಂವ ಮಾಡಿದ್ದೆಲ್ಲಾ ಭಕ್ತಿಯಿಂದನ ಅಲ್ಲೇನ್ರಿ?” ಎಂದ.

ಗುರು ಅವನ ಮುಖವನ್ನೇ ನೋಡಿ ಹೇಳಿದರು: “ನಾಕು ತೆನಿ ಮಂದಿ ಕಣ್ಣಿಗೆ ಬಿದ್ರ ಸತ್ತುಹೋಗೋ ದೇವರನ್ನ ಪೂಜೆ ಮಾಡ್ತಾರೋ, ಕಾವಲು ಕಾಯ್ತಾರೋ?”

ರಾಚೋಟಿ ಬೆರಳು ಹಿಸುಕುವುದನ್ನು ಬಿಟ್ಟು, “ನಾಳೆ ಸಭಾದಾಗ ಮೀನಿನ ಮಾತು ಎತ್ತತೇನ್ರಿ” ಎಂದ.